ಮಲ್ಲಯ್ಯನ ಗುಡಿಯ ಎಂಟು ಕಂಬಗಳು

ಜಹೀರಾಬಾದಿನ ನಮ್ಮ ಓಣಿಯಲ್ಲಿ ಯಾರಾದರೊಬ್ಬರು ಮನೆ ಕಟ್ಟಿಸುತ್ತಲೇ ಇರುತ್ತಾರೆ. ಹೋದ ತಿಂಗಳು ಎದುರು ಮನೆಯವರ ಸರದಿ. ಅಡುಗೆಮನೆಯ ಕಟ್ಟೆಗೆ ಕಲ್ಲು ತರಿಸಿದ್ದರು. ಕೊಯ್ಯುವ ಮಷಿನ್ ಮುಂಜಾನೆ ಎಂಟಕ್ಕೇ ಕಿರುಚಲು ಶುರುಮಾಡಿತು. ಬ್ಲೇಡಿನ ಮೇಲೆ ನೀರು ಬಿಟ್ಟುಕೊಂಡು ಕಲ್ಲು ಕೊಯ್ಯುವಾಗ ಒಂದು ವಾಸನೆ ಏಳುತ್ತದೆ, ನಿಮಗೂ ಗೊತ್ತಿರಬಹುದು. ಎಲ್ಲರೂ ಹೊಗಳುವ ಮೊದಲ ಮಳೆಯ ವಾಸನೆಯಂತೂ ಅದಲ್ಲ. ಒಂದಿಷ್ಟು ಸುಣ್ಣ, ಒಂದಿಷ್ಟು ಕಾದ ಕಬ್ಬಿಣ. ನನ್ನ ಹೆಂಡತಿ ಕಿಟಕಿ ಮುಚ್ಚಿದಳು, ನಾನು ತೆರೆದೆ.

"ಧೂಳ ಬರ್ತದ್ರೀ," ಅಂದಳು.

"ಬರ್ಲಿ ಬಿಡು. ತಾಂಡೂರಿನ ನೀಲಿ ಕಲ್ಲದು," ಅಂದೆ.

ನೋಡದೇ ಹೇಳಿದ್ದಕ್ಕೆ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನ್ನ ಈ ಒಂದು ವಿದ್ಯೆಯನ್ನು ಅವಳು ಬಹಳ ಸಲ ನೋಡಿದ್ದಾಳೆ. ಕಲ್ಲಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಮೂಗಿನ ವಿದ್ಯೆ. ಕೈಯ ವಿದ್ಯೆ ಇದ್ದದ್ದು ನನ್ನ ಶರಣಪ್ಪ ಕಾಕಾನಿಗೆ. ಆ ಕಾಕಾನಿಗೆ ನಾನು ಮಾಡಿದ ಅನ್ಯಾಯ ಒಂದಿದೆ. ಆ ವಾಸನೆ ಬಂದಾಗಲೆಲ್ಲ ಕಿಟಕಿ ತೆರೆಯುತ್ತೇನೆ, ಆಮೇಲೆ ಯಾಕಾದರೂ ತೆರೆದೆನೋ ಅನ್ನಿಸುತ್ತದೆ.

ಶರಣಪ್ಪ ಕಾಕಾ ನನ್ನ ಅಪ್ಪನ ಕಿರಿಯ ತಮ್ಮ, ಗೌಂಡಿ. ನಮ್ಮ ಕಡೆ ಗೋಡೆ ಕಟ್ಟುವ ಕಸುಬಿನವರಿಗೆ ಹಾಗೆ ಅನ್ನುತ್ತೇವೆ. ಊರು ತಾಂಡೂರಿನಿಂದ ಕೊಡಂಗಲ್ ಕಡೆ ಹೋಗುವಾಗ ರಸ್ತೆ ಬಿಟ್ಟು ಒಳಗೆ. ಮೂರು ಭಾಷೆ ಕಾಕಾನ ನಾಲಿಗೆಯ ಮೇಲೆ: ಕಲ್ಲಿನ ಅಳತೆ ಉರ್ದುವಿನಲ್ಲಿ, ಬೈಗುಳ ತೆಲುಗಿನಲ್ಲಿ, ದೇವರ ಜೊತೆ ಜಗಳ ಕನ್ನಡದಲ್ಲಿ. ಓದು ಮಾತ್ರ ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಓದಿದವರು ಏನು ಹೇಳಿದರೂ ತಲೆ ಬಗ್ಗಿಸಿ ಕೇಳುತ್ತಿದ್ದ. ಈ ಮಾತು ನೆನಪಿನಲ್ಲಿರಲಿ, ಕತೆಯ ಕುತ್ತು ಇಲ್ಲಿಯೇ ಇದೆ.

ಊರ ಹೊರಗೆ ಮಲ್ಲಯ್ಯನ ಗುಡಿ. ಕುರಿ ಸಾಕುವ ಮಂದಿಯ ದೇವರು. ಅದು ಒಂದೇ ಸಲಕ್ಕೆ ಕಟ್ಟಿದ ಗುಡಿಯಲ್ಲ. ನಮ್ಮ ಮುತ್ತ್ಯಾನ ಅಪ್ಪ ಕಟ್ಟೆ ಹಾಕಿ ತೀರಿಕೊಂಡ. ಮುತ್ತ್ಯಾ, ಅಂದರೆ ನನ್ನ ಅಜ್ಜ, ಗರ್ಭಗುಡಿ ಏರಿಸಿದ. ಮುಂದಿನ ಮಂಟಪ ಕಾಕಾನ ಪಾಲಿಗೆ ಬಂತು. ಮಂಟಪ ಬೇಕಾಗಿದ್ದದ್ದು ದೇವರಿಗಿಂತ ಕುರಿಗಳಿಗೆ. ಮಳೆ ಬಂದರೆ ಆ ಬಯಲಿನಲ್ಲಿ ನಿಲ್ಲಲು ಜಾಗವಿಲ್ಲ. ದೇವರ ಮುಂದೆ ಕುರಿ ನಿಂತರೆ ಮಡಿ ಹೋಗುತ್ತದೆ ಅನ್ನುವ ಮಾತು ನಮ್ಮೂರಲ್ಲಿ ಯಾರಿಗೂ ಹೊಳೆದಿಲ್ಲ.

ಮುತ್ತ್ಯಾ ತನ್ನ ಮಗನಿಗೆ ಬಿಟ್ಟುಹೋದದ್ದು ಒಂದು ಉಳಿ, ಒಂದು ಸುತ್ತಿಗೆ, ಒಂದು ಮಾತು: "ಕಲ್ಲು ಖಣ್ಯಾಗ ಹ್ಯಾಂಗ ಮಲಗಿತ್ತೊ, ಗ್ವಾಡ್ಯಾಗೂ ಹಂಗ ಮಲಗಸು." ತಾಂಡೂರಿನ ಖಣಿಯಲ್ಲಿ ಕಲ್ಲು ಇರುವುದು ಬುಟ್ಟಿಯಲ್ಲಿ ಪೇರಿಸಿಟ್ಟ ರೊಟ್ಟಿಯ ಹಾಗೆ, ಪದರದ ಮೇಲೆ ಪದರ. ಅಡ್ಡ ಮಲಗಿಸಿ ಕಟ್ಟಿದರೆ ಮೇಲಿನ ಭಾರ ಪದರಗಳನ್ನು ಒತ್ತಿ ಹಿಡಿಯುತ್ತದೆ. ಅದೇ ಕಲ್ಲನ್ನು ಎಬ್ಬಿಸಿ ನಿಲ್ಲಿಸಿದರೆ ನೀರು ಪದರದ ಸಂದಿಯಲ್ಲಿ ಇಳಿಯುತ್ತದೆ, ಒಂದು ದಿನ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಇದು ನಮ್ಮ ಮನೆಯ ಮಕ್ಕಳಿಗೂ ಗೊತ್ತಿದ್ದ ಮಾತು. ನನಗೂ ಗೊತ್ತಿತ್ತು.

ನಾನು ನಾರಾಯಣಖೇಡದ ಸಾಲೆಯಲ್ಲಿ ಇಂಗ್ಲಿಷ್ ಮಾಸ್ತರನಾದೆ. ನನ್ನ ಇಂಗ್ಲಿಷ್ ಹೇಗಿತ್ತು ಅಂತ ಕೇಳಬೇಡಿ. ಪಾಠದ ಪುಸ್ತಕದಲ್ಲಿದ್ದದ್ದು ಬರುತ್ತಿತ್ತು, ಅದರಾಚೆಗೆ ದೇವರೇ ಗತಿ. ಆದರೆ ನಮ್ಮ ವಂಶದಲ್ಲಿ ಮೊದಲ ಸಲ ತಿಂಗಳ ಸಂಬಳ ಕಂಡವನು ನಾನು. ಊರಿಗೆ ಹೋದರೆ ಕಾಕಾ ಎದ್ದು ನಿಂತು "ಬಾ ಮಾಸ್ತರ್" ಅನ್ನುತ್ತಿದ್ದ. ಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ರೂಢಿಯಾಯಿತು, ಕಡೆಗೆ ಅವನು ಎದ್ದು ನಿಲ್ಲದಿದ್ದರೆ ಏನೋ ಕಮ್ಮಿಯಾದ ಹಾಗೆ ಆಗತೊಡಗಿತು.

ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷವಾದ ಮೇಲೆ ಸಾಲೆಯ ಬೀರುವಿನಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿತು. ಮೇಲಿನ ರಟ್ಟು ಇರಲಿಲ್ಲ. ಇಂಗ್ಲೆಂಡಿನ ಒಂದು ಹಳೆಯ ದೊಡ್ಡ ಚರ್ಚನ್ನು ಹೇಗೆ ಕಟ್ಟಿದರು ಎನ್ನುವುದೇ ಅದರ ವಿಷಯ. ಚರ್ಚಿನ ಹೆಸರು ನನ್ನ ನಾಲಿಗೆಯ ಮೇಲೆ ಅಂದೂ ಹೊರಳಲಿಲ್ಲ, ಇಂದೂ ಹೊರಳುವುದಿಲ್ಲ, ಬಿಡಿ. ಪುಟಕ್ಕೊಂದು ಚಿತ್ರ. ಕಾಕಾನಿಗೆ ತೋರಿಸಿ ಖುಷಿಪಡಿಸೋಣ ಎಂದು ಚೀಲಕ್ಕೆ ಹಾಕಿಕೊಂಡೆ. ತೋರಿಸಿ ದೊಡ್ಡವನಾಗೋಣ ಅನ್ನುವುದೂ ಇತ್ತು, ಮುಚ್ಚಿಡುವುದೇನು.

ಭಾನುವಾರ ಮಧ್ಯಾಹ್ನ ಗುಡಿಯ ಕಟ್ಟೆಯ ಮೇಲೆ ನಮ್ಮ ಓದು. ಕಾಕಾ, ನಾಗಮ್ಮ ಕಾಕಿ, ನಾನು. ಕಾಕಿ ಆ ಗುಡಿಗೆ ಗಚ್ಚು, ಅಂದರೆ ಸುಣ್ಣದ ಗಾರೆ, ಹೊತ್ತವಳು. ನಾನು ಚಿತ್ರದ ಕೆಳಗಿನ ಸಣ್ಣ ಸಾಲು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಒಂದು ತಲೆಮಾರು ಗುಂಡು ಕಮಾನು ಕಟ್ಟಿತು, ಮುಂದಿನ ತಲೆಮಾರಿಗೆ ಅದು ಹಳೆಯದೆನಿಸಿ ಮೊನಚು ಕಮಾನು ಕಟ್ಟಿತು. ಎರಡೂ ಒಂದೇ ಗೋಡೆಯಲ್ಲಿ ಮಗ್ಗುಲಲ್ಲಿ ನಿಂತಿವೆ. ನಡುವಿನ ಗೋಪುರ ಒಮ್ಮೆ ಪೂರ್ತಿ ಕುಸಿದುಬಿತ್ತು, ಮತ್ತೆ ಏರಿಸಿದರು. ಅಡಿಪಾಯ ತೆಗೆದವನು ಚಾವಣಿ ನೋಡಲಿಲ್ಲ. ಚಾವಣಿ ಹಾಕಿದವನಿಗೆ ಅಡಿಪಾಯದವನ ಹೆಸರು ಗೊತ್ತಿರಲಿಲ್ಲ. ಪ್ರತಿ ಗೌಂಡಿಯೂ ತಾನು ಕೆತ್ತಿದ ಕಲ್ಲಿನ ಮೇಲೆ ಒಂದು ಗುರುತು ಹಾಕುತ್ತಿದ್ದ, ಅಷ್ಟೇ.

ಕಾಕಾನ ಪ್ರಶ್ನೆಗಳೇ ಬೇರೆ. "ಅಷ್ಟೆತ್ತರಕ್ಕ ನೀರು ಹ್ಯಾಂಗ ಒಯ್ದರು?" "ಗಚ್ಚು ಹಣ್ಣಾಗಾಕ ಎಷ್ಟು ದಿನ ಬಿಟ್ಟರು?" "ಮಳಿಗಾಲದಾಗ ಕೆಲಸ ನಿಲ್ಲಸ್ತಿದ್ರೇನು?" ನನಗೆ ತಿಳಿದದ್ದು ಹೇಳುತ್ತಿದ್ದೆ, ತಿಳಿಯದ್ದನ್ನು ಇನ್ನೂ ಗಟ್ಟಿ ದನಿಯಲ್ಲಿ ಹೇಳುತ್ತಿದ್ದೆ.

ಕಾಕಿ ಚಿತ್ರಗಳನ್ನೆಲ್ಲ ನೋಡಿ, "ಆ ಊರಾಗ ಹೆಣ್ಮಕ್ಕಳೇ ಇರ್ಲಿಲ್ಲೇನು? ಬುಟ್ಟಿ ಹೊತ್ತಾಕಿ ಒಬ್ಬಾಕಿನೂ ಕಾಣವಲ್ಲಳು," ಅಂದಳು.

ಪುಟ ತಿರುವಿದೆ. ತಿರುವಿದ ಪುಟದಲ್ಲಿ ಆ ಕಂಬಗಳಿದ್ದವು.

ಎತ್ತರಕ್ಕೆ, ತೆಳ್ಳಗೆ, ಕರಿ ಹೊಳಪಿನ ಕಂಬಗಳು. ತುದಿಯಿಂದ ಬುಡದವರೆಗೆ ಒಂದೂ ಸಂದಿಯಿಲ್ಲ. ಕಾಕಾ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಸಿಲಿಗೆ ಹಿಡಿದ. ಕಂಬದ ಉದ್ದಕ್ಕೂ ಬೆರಳಾಡಿಸಿದ. ಆಮೇಲೆ ಕೇಳಿದ:

"ಇದು ಸುಣ್ಣದ ಕಲ್ಲು. ನಮ್ಮ ಕಲ್ಲಿನ ತಮ್ಮ. ಎಬ್ಬಿಸಿ ನಿಲ್ಲಿಸ್ಯಾರ. ಸೀಳಲಿಲ್ಲೇನು? ಓದು ಮಾಸ್ತರ್, ಏನ್ ಬರ್ದಾರ?"

ಪಕ್ಕದ ಪುಟ ತುಂಬ ಅಕ್ಷರ. ಕಣ್ಣು ಹಾಯಿಸಿದೆ. ನಾಲ್ಕನೆಯ ಸಾಲಿಗೇ ಸೋತೆ. ಅರ್ಧಕ್ಕರ್ಧ ಪದಗಳು ಕಲ್ಲುಕುಟಿಗರವು, ನಾನು ಜನ್ಮದಲ್ಲಿ ಕೇಳಿರದವು. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದ. 'ನನಗೆ ತಿಳಿಯಲಿಲ್ಲ ಕಾಕಾ' ಎಂದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಎರಡು ರೊಟ್ಟಿ ತಿಂದು ಬಸ್ಸು ಹತ್ತುತ್ತಿದ್ದೆ.

"ಇಲ್ಲ," ಅಂದೆ. "ಒಂದೂ ಸೀಳಿಲ್ಲಂತ ಬರ್ದಾರ. ನೂರಾರು ವರ್ಷ ಆತು, ಗಟ್ಟಿ ನಿಂತಾವ."

ನೀವೇ ಹೇಳಿ, ಅಪ್ಪನ ಮಾತು ಒಂದು ಕಡೆ, ಅಚ್ಚಾದ ಪುಸ್ತಕ ಇನ್ನೊಂದು ಕಡೆ, ಓದಿ ಹೇಳಿದವನು ಸ್ವಂತ ಅಣ್ಣನ ಮಗ, ಅದರಲ್ಲೂ ಮಾಸ್ತರ. ಕಾಕಾ ಯಾರನ್ನು ನಂಬಬೇಕಿತ್ತು? ನನ್ನನ್ನು ನಂಬಿದ.

ಖಣಿಯಿಂದ ಖಣಿಗೆ ತಿರುಗಿ, ಗೇಣು ದಪ್ಪದ ಪದರ ಹುಡುಕಿ, ಎಂಟು ಉದ್ದನೆಯ ಕಲ್ಲು ತಂದ. ಎರಡು ವರ್ಷ ಕೆತ್ತಿದ, ಉಜ್ಜಿದ, ನಿಲ್ಲಿಸಿದ. ಮೇಲೆ ತೊಲೆ, ತೊಲೆಯ ಮೇಲೆ ಹಾಸುಗಲ್ಲು. ಸುತ್ತಲ ಊರಿನವರು ನೋಡಲು ಬಂದರು. ಸಂದಿಯಿಲ್ಲದ ಕಂಬ ತಾಂಡೂರಿನವರೂ ಕಂಡಿರಲಿಲ್ಲ. ಮಳೆ ಬಂದಾಗ ಕುರಿಗಳು ಒಳಗೆ ಬಂದು ಕಂಬಕ್ಕೆ ಮೈ ತಿಕ್ಕಿದವು. ತಿಕ್ಕಿ ತಿಕ್ಕಿ ಮೊಣಕಾಲೆತ್ತರದಲ್ಲಿ ಕಲ್ಲು ಕರ್ರಗೆ ಹೊಳೆಯತೊಡಗಿತು. "ಈಗ ನೋಡು, ಥೇಟ್ ನಿನ್ನ ಪುಸ್ತಕದಾಗಿನ ಕಂಬ," ಅಂದ ಕಾಕಾ. ಅವನು ಅಷ್ಟು ಸಂತೋಷದಲ್ಲಿದ್ದದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಆರನೆಯ ಮಳೆಗಾಲದಲ್ಲಿ ಪಡುವಣ ಮೂಲೆಯ ಕಂಬ ಸೀಳಿತು. ಸೀಳಿದ್ದೆಂದರೆ ಒಂದು ಗೆರೆಯಲ್ಲ, ಅಂಗೈ ದಪ್ಪದ ಸಿಪ್ಪೆ ಮೇಲಿಂದ ಕೆಳಗಿನವರೆಗೆ ಬಿಟ್ಟುಕೊಂಡು ಬಿತ್ತು. ಕೆಳಗೆ ಎರಡು ಕುರಿ ಸತ್ತವು. ಹುಡುಕಿ ನೋಡಿದರೆ ಮಿಕ್ಕ ಕಂಬಗಳಲ್ಲೂ ಕೂದಲಿನಂಥ ಬಿರುಕು.

ಊರು ಸೇರಿತು. ಕೆಡವಿ ಸಿಮೆಂಟಿನ ಮಂಟಪ ಹಾಕೋಣ ಅಂದರು. "ಶರಣಪ್ಪಗ ಇಷ್ಟೂ ಗೊತ್ತಿಲ್ಲೇನು? ಕಲ್ಲ ಮಲಗಿಸಿ ಕಟ್ಟಬೇಕಂತ ಅವರಪ್ಪ ಹೇಳಿರ್ಲಿಲ್ಲೇನು?" ಅಂತ ಒಬ್ಬ ಕೇಳಿದ. "ಅಪ್ಪ ಗೌಂಡಿ, ಮಗ ದಂಡ," ಅಂದ ಇನ್ನೊಬ್ಬ. ನಾನು ಅಲ್ಲೇ ಇದ್ದೆ, ಹಿಂದಿನ ಸಾಲಿನಲ್ಲಿ, ಇಸ್ತ್ರಿ ಅಂಗಿ ಹಾಕಿಕೊಂಡು. ಕಾಕಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎದ್ದು ನಿಂತು ಅಂದ:

"ಕಂಬ ನಾ ನಿಲ್ಲಿಸಿದ್ದು. ನಾನೇ ಬದಲಿ ಮಾಡ್ತೀನಿ. ಮ್ಯಾಲಿನ ಹಾಸು ಇಳಸೂದಿಲ್ಲ. ವರ್ಷಕ್ಕೊಂದು, ತೊಗರಿ ರಾಶಿ ಆದ ಮ್ಯಾಲ. ನಿಮ್ಮ ಮಂದಿ ಬ್ಯಾಡ, ನಿಮ್ಮ ಸಿಮೆಂಟ್ ಬ್ಯಾಡ. ಎಂಟೂ ಆಗೂತನ ಈ ಗುಡಿಗೆ ಯಾರೂ ಕೈ ಹಚ್ಚಬ್ಯಾಡ್ರಿ."

ಅವನ ದನಿಗೆ ಎದುರಾಡುವುದು ಯಾರಿಂದಲೂ ಆಗಲಿಲ್ಲ. ಒಪ್ಪಿದರು. ಆದರೆ ಅವತ್ತಿನಿಂದ ಯಾರೂ ಕಾಕಾನಿಗೆ ಹೊಸ ಮನೆಯ ಕೆಲಸ ಕೊಡಲಿಲ್ಲ. ಕಂಪೌಂಡು ಗೋಡೆ, ದನದ ಕೊಟ್ಟಿಗೆ, ಅಷ್ಟೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಅಡಿಕೆ ಕದ್ದವನು ನಾನು, ಮಾನ ಹೋದದ್ದು ಅವನದು.

ನಾರಾಯಣಖೇಡಕ್ಕೆ ಹಿಂತಿರುಗಿ ಡಿಕ್ಷನರಿ ಮುಂದಿಟ್ಟುಕೊಂಡು ಆ ಪುಟದ ಮೇಲೆ ಒಂದು ವಾರ ಕುಳಿತೆ. ಎಲ್ಲ ಅಲ್ಲಿಯೇ ಬರೆದಿತ್ತು. ಆ ಕರಿ ಕಲ್ಲು ತೆಳ್ಳನೆಯ ಪದರದಲ್ಲೇ ಸಿಗುತ್ತಿತ್ತು, ಎತ್ತರ ಬೇಕೆಂದು ಎಬ್ಬಿಸಿ ನಿಲ್ಲಿಸಿದ್ದರು. ಆದರೆ ಭಾರ ಹೊತ್ತದ್ದು ಅದಲ್ಲ. ನಡುವೆ ಮಲಗಿಸಿ ಕಟ್ಟಿದ ದಪ್ಪ ಕಂಬವಿತ್ತು, ಕರಿ ಕಂಬಗಳು ಅದರ ಸುತ್ತ ಬರೀ ಚಂದಕ್ಕೆ. ಅದೂ ಒಳಗೆ, ಮಳೆ ತಾಗದ ಕಡೆ. ಅಷ್ಟಾದರೂ ಎಷ್ಟೋ ಸೀಳಿದ್ದವು. ಅವಕ್ಕೆ ಲೋಹದ ಬಳೆ ತೊಡಿಸಿದ್ದರು, ಕೆಲವನ್ನು ತೆಗೆದು ಬೇರೆ ಹಾಕಿದ್ದರು.

ಮುಂದಿನ ಭಾನುವಾರ ಊರಿಗೆ ಹೋಗಿ, ಅಡುಗೆಮನೆಯಲ್ಲಿ ಒಲೆಯ ಮುಂದೆ ಕುಳಿತು ಕಾಕಾ ಕಾಕಿ ಇಬ್ಬರಿಗೂ ಎಲ್ಲ ಹೇಳಿದೆ. ಅಂದು ಓದಲಿಲ್ಲ, ಓದಿದ ಹಾಗೆ ಮಾಡಿದೆ, ಅಂದೆ. ಕಾಲು ಮುಟ್ಟಲು ಹೋದೆ.

ಕಾಕಾ ಕಾಲು ಹಿಂದಕ್ಕೆ ಎಳೆದುಕೊಂಡ. "ಓದಿದಾಂವ ನೀ, ಉಳಿ ಹಿಡಿದಾಂವ ನಾ. ಕಲ್ಲು ನನ್ನ ಕೈಯಾಗ ಬ್ಯಾಡ ಬ್ಯಾಡ ಅಂತಿತ್ತು. ಕೇಳಲಿಲ್ಲ," ಅಂದ. ಒಲೆಗೆ ಕಟ್ಟಿಗೆ ನೂಕಿ ಕೇಳಿದ, "ಸೀಳಿದ ಮ್ಯಾಲ ಅವ್ರು ಏನ್ ಮಾಡಿದ್ರು? ಅದನ್ನ ಹೇಳು."

"ಒಂದೊಂದೇ ಬದಲಿ ಮಾಡಿದ್ರು."

"ಎಷ್ಟು ವರ್ಷ?"

"ಇನ್ನೂ ಮಾಡಾಕತ್ತಾರಂತ ಕಾಕಾ."

ಅವನು ನಕ್ಕುಬಿಟ್ಟ. "ನಮ್ವು ಎಂಟೇ ಅವ."

ನನ್ನ ಎದೆ ಹಗುರಾಯಿತು. ಅದು ಕಾಕಿಯ ಕಣ್ಣಿಗೆ ಬಿತ್ತು. ರೊಟ್ಟಿ ಬಡಿಯುತ್ತಲೇ, ತಲೆ ಎತ್ತದೆ ಅಂದಳು: "ಊರ ಮುಂದ ಬೈಸಿಕೊಂಡಾಂವ ಇಂವ. ಒಲಿ ಮುಂದ ಹೇಳಿ ನೀ ಹಗುರಾದಿ." ಕೊಟ್ಟ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಆದರೂ ಊರ ಮುಂದೆ ಹೇಳಲಿಲ್ಲ. ಮುಂದಿನ ಸಲ, ಮುಂದಿನ ಸಲ ಅಂದುಕೊಂಡೇ ಹೆಡ್ಮಾಸ್ತರನಾದೆ, ನಿವೃತ್ತನೂ ಆದೆ.

ಕಾಕಾ ಮಾತ್ರ ತನ್ನ ಮಾತಿನಂತೆ ನಡೆದ. ಬೇವಿನ ತುಂಡುಗಳನ್ನು ತೊಲೆಗೆ ಆನಿಸಿ ಎತ್ತಿ ಹಿಡಿಯುವುದು, ಸೀಳಿದ ಕಂಬವನ್ನು ಚೂರು ಚೂರಾಗಿ ಇಳಿಸುವುದು, ಅದೇ ಜಾಗದಲ್ಲಿ ಗೇಣು ದಪ್ಪದ ಕಲ್ಲು ಅಡ್ಡ ಮಲಗಿಸಿ ಸಾಲಿನ ಮೇಲೆ ಸಾಲು ಏರಿಸುವುದು. ಒಂದು ಕಂಬಕ್ಕೆ ಹದಿನಾಲ್ಕು ಸಾಲು. ಗಚ್ಚು ಅರೆಯುವವಳು ಕಾಕಿ. ಕುರಿ ಮಂದಿ ಕೇಳದೆಯೇ ಬಂದು ತೊಲೆಗೆ ಕೈ ಕೊಡುತ್ತಿದ್ದರು. ಅವರು ಒಂದು ದಿನವೂ ಕಾಕಾನನ್ನು ಬೈದವರಲ್ಲ, ಸತ್ತ ಎರಡು ಕುರಿ ಅವರವೇ ಆಗಿದ್ದರೂ. ಒಂದು ವರ್ಷ ಅವನ ಕೈ ಮುರಿಯಿತು, ಕೆಲಸವಾಗಲಿಲ್ಲ. ಎರಡು ವರ್ಷ ಮಳೆ ಬೇಗ ಬಂತು. ಕಾಕಿ ಪ್ರತಿ ಬೇಸಿಗೆ ಫೋನಿನಲ್ಲಿ ನನಗೆ ಒಂದೇ ಸುದ್ದಿ ಹೇಳುತ್ತಿದ್ದಳು: "ಇನ್ನ ಐದು." "ಇನ್ನ ಮೂರು." ನಾನು "ಛಲೋ ಆತು ಕಾಕಿ" ಅನ್ನುತ್ತಿದ್ದೆ. ಅವಳು ಫೋನು ಇಡುತ್ತಿದ್ದಳು.

ಎದುರು ಮನೆಯಲ್ಲಿ ಕಲ್ಲು ಕೊಯ್ದ ದಿನ ಕಿಟಕಿ ತೆರೆದು ನಿಂತೆನಲ್ಲ, ಅವತ್ತು ಆ ವಾಸನೆಗೆ ತಡೆಯಲಾಗದೆ ನಾನೇ ಫೋನು ಮಾಡಿದೆ.

"ಒಂದು ಉಳದದ," ಅಂದಳು ಕಾಕಿ. "ನಿನ್ನ ಕಾಕಾನ ಕಣ್ಣು ಹೋಗ್ಯಾವ. ನೆರಳು ಕಾಣ್ತದ, ಮುಖ ಕಾಣೂದಿಲ್ಲ. ಸರ್ಪಂಚ ಐತಾರ ಮುಂಜಾನಿ ಮೀಟಿಂಗ್ ಕರ್ದಾನ. ಕುರುಡನ ಕೈಗೆ ಕಂಬ ಬ್ಯಾಡಂತಾರ. ಅದೊಂದಕ್ಕ ಸಿಮೆಂಟ್ ಹಾಕ್ತಾರಂತ."

"ಕಾಕಾ ಏನಂತಾನ?"

"ಏನಂತಾನ. ಬೇವಿನ ತುಂಡು ಆನಿಸ್ಯಾನ. ಹಳೀ ಕಂಬ ಇಳಿಸಿ ಕುಂತಾನ."

ಹೆಂಡತಿಗೆ ಚೀಲ ಕಟ್ಟು ಅಂದೆ. "ಎಷ್ಟು ದಿನ?" ಅಂದಳು. ಹದಿನಾಲ್ಕು ಸಾಲು ಎದ್ದೇಳುವ ತನಕ, ಅಂದೆ.

ಭಾನುವಾರ ಮುಂಜಾನೆ ಮಂಟಪದಲ್ಲಿ ಊರೇ ಕುಳಿತಿತ್ತು. ಸರ್ಪಂಚ ಸಣ್ಣ ವಯಸ್ಸಿನವನು, ಒಳ್ಳೆಯವನು, ಕಾಕಾನ ಮುಂದೆ ಕೈಕಟ್ಟಿಯೇ ಮಾತಾಡಿದ. "ಮುತ್ತ್ಯಾ, ನಿಮ್ಮ ಮ್ಯಾಲ ನಮಗ ಸಿಟ್ಟಿಲ್ರಿ. ಆದ್ರ ಕಣ್ಣಿದ್ದಾಗ ಕಟ್ಟಿದ್ದೇ ಸೀಳ್ಯಾವ. ಈಗ ಕಣ್ಣೂ ಇಲ್ಲ. ಕೆಳಗ ನಮ್ಮ ಮಂದಿ ಕೂಡ್ತಾರ, ಕುರಿ ನಿಲ್ತಾವ. ಹ್ಯಾಂಗ ನಂಬಬೇಕ್ರಿ?"

ಏಳು ಹೊಸ ಕಂಬ ಸರ್ಪಂಚನ ಸುತ್ತಲೇ ನಿಂತಿದ್ದವು. ಆದರೂ ಊರಿನ ಕಣ್ಣಿಗೆ ಕಾಣುತ್ತಿದ್ದದ್ದು ಹಳೆಯ ಸೀಳಿದ ಕಂಬವೇ. ತಪ್ಪನ್ನು ಇಷ್ಟು ವರ್ಷ ಬದುಕಿಸಿಟ್ಟವನು ನಾನು.

ಎದ್ದೆ. ಈ ಸಲ ಮುಂದೆ ಬಂದು ನಿಂತೆ.

"ಕಾಕಾಗ ಗೊತ್ತಿತ್ರಿ, ಕಲ್ಲ ನಿಲ್ಲಿಸಬಾರದಂತ," ಅಂದೆ. "ಅಂವ ನನ್ನ ಕೇಳಿದ. ನನ್ನ ಕೈಯಾಗ ಇಂಗ್ಲಿಷ್ ಪುಸ್ತಕ ಇತ್ತು. ನನಗ ಓದಾಕ ಬರ್ಲಿಲ್ಲ. ಬರೂದಿಲ್ಲ ಅನ್ನಾಕ ನಾಚಿಕಿ ಆತು. ಸೀಳಿಲ್ಲಂತ ಸುಳ್ಳ ಹೇಳ್ದೆ. ಅದನ್ನ ನಂಬಿ ಅಂವ ತನ್ನ ಅಪ್ಪನ ಮಾತು ಬಿಟ್ಟ. ಕಂಬ ಸೀಳಿದ್ದು ಅಂವನ ಕೈಯಿಂದಲ್ಲ, ನನ್ನ ಬಾಯಿಂದ. ಅವತ್ತಿನ ಮೀಟಿಂಗಿನ್ಯಾಗೂ ನಾ ಇಲ್ಲೇ ಇದ್ದೆ. ಬಾಯಿ ಮುಚ್ಚಿಕೊಂಡು ಕುಂತಿದ್ದೆ. ಆ ಎರಡು ಕುರಿ ಕೊಂದಾಂವ ನಾನು."

ಕಂಬಕ್ಕೆ ಒರಗಿದ್ದ ಒಬ್ಬ ಮುದುಕ, ಕುರಿಯವನು, ನಿಧಾನವಾಗಿ ಅಂದ: "ಇಷ್ಟು ವರ್ಷ ಬೇಕಾತೇನ್ ಮಾಸ್ತರ್, ಇಷ್ಟ್ ಹೇಳಾಕ?" ನಾನು ಹೂಂ ಅಂದೆ. ಬೇರೆ ಏನು ಅನ್ನಲಿ. ಸರ್ಪಂಚ ಕಾಕಾನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತ. "ಮುತ್ತ್ಯಾ, ನಮಗ ಗೊತ್ತಿರ್ಲಿಲ್ರಿ. ನೀವೇ ಕಟ್ರಿ," ಅಂದ. ಕಾಕಿ ಗರ್ಭಗುಡಿಯ ಬಾಗಿಲ ಹತ್ತಿರ ನಿಂತಿದ್ದಳು. ಸೆರಗಿನಿಂದ ಒಂದು ಸಲ ಮುಖ ಒರೆಸಿಕೊಂಡಳು, ನನ್ನನ್ನು ನೋಡಲಿಲ್ಲ.

ಕಾಕಾ ಇದೆಲ್ಲ ಆಗುವಾಗ ಇಳಿಸಿದ ಕಂಬದ ಜಾಗದಲ್ಲಿ, ಬೇವಿನ ತುಂಡುಗಳ ನಡುವೆ, ಮೊದಲ ಸಾಲಿನ ಕಲ್ಲನ್ನು ಅಂಗೈಯಿಂದ ತಡವುತ್ತ ಕುಳಿತಿದ್ದ. ಮಗ್ಗುಲಲ್ಲಿ ಪಾತ್ರೆ ತುಂಬ ಗಚ್ಚು. ಮೀಟಿಂಗಿಗೂ ಮೊದಲೇ, ಯಾರ ಒಪ್ಪಿಗೆಗೂ ಕಾಯದೆ, ಅರೆಸಿ ಇಟ್ಟುಕೊಂಡಿದ್ದ. ಮುಖವನ್ನು ನನ್ನ ದನಿ ಬಂದ ಕಡೆ ತಿರುಗಿಸಿದ.

"ಮುಗೀತೇನು ಮಾಸ್ತರ್?"

"ಮುಗೀತು ಕಾಕಾ."

"ಹಂಗಿದ್ರ ಆ ಕಲ್ಲ ಎತ್ತಿ ಕೊಡು. ಬಿಸಿಲೇರ್ತು, ಗಚ್ಚು ಒಣಗಾಕತ್ತದ."

ಅಂಗಿಯ ತೋಳು ಮಡಚಿಕೊಂಡೆ. ಕಲ್ಲು ಅಂದುಕೊಂಡದ್ದಕ್ಕಿಂತ ಭಾರವಿತ್ತು.